ಎಲ್ಲಿಗೆ ಬಂತು ಕತೆ?

(ಚಿತ್ತವಾಡ್ಗಿಯಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತುಗಳ ಬರಹರೂಪ)



ಭಾಷಣ ಮಾಡ್ರಿ ಅಂತ ನಮ್ಮನ್ನು ಕರೆದಿದ್ದೀರಿ. ಭಾಷಣ ನಮಗೆ ಬರೋದಿಲ್ಲ. ನಾವು ಕತೆ ಬರೆಯುವ ಆರು ಜನ. ಅದರಲ್ಲೂ ಬರೆದು ಮುಗಿಸಿದವರಿಗಿಂತ ಇನ್ನೂ ಬರೆಯುತ್ತಾ ಇರುವವರೇ ಜಾಸ್ತಿ. ನಮ್ಮಲ್ಲಿ ಒಬ್ಬ ಅದಿರಿನ ಲಾರಿಯಲ್ಲಿ ಕ್ಲೀನರ್ ಆಗಿದ್ದು ಆಮೇಲೆ ಡ್ರೈವರ್ ಆದವನು, ಸಂಡೂರು ಕಡೆಯವನು. ಒಬ್ಬರು ಅಂಗನವಾಡಿ ಟೀಚರ್. ಒಬ್ಬಳು ನಿಮ್ಮ ಹಾಗೇ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿರುವ ಹುಡುಗಿ. ಇಬ್ಬರು ಕಂಪ್ಲಿ ಕಡೆಯ ಅಣ್ಣತಮ್ಮಂದಿರು, ಮನೆಮಂದಿಯೆಲ್ಲ ಕಬ್ಬು ಕಡಿದವರು. ಇನ್ನೊಬ್ಬರು ರಿಟೈರಾದ ಮೇಷ್ಟ್ರು. ತಿಂಗಳಿಗೊಂದು ಭಾನುವಾರ ಇಲ್ಲೇ ಚಿತ್ತವಾಡ್ಗಿಯಲ್ಲಿ ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ಕೂಡುತ್ತೇವೆ. ನಮಗೆ ಹೆಸರಿಲ್ಲ, ಬೋರ್ಡಿಲ್ಲ, ರಬ್ಬರ್ ಸ್ಟಾಂಪಿಲ್ಲ. ಅಧ್ಯಕ್ಷರೂ ಇಲ್ಲ, ಅದಕ್ಕೇ ಇನ್ನೂ ಒಡೆದಿಲ್ಲ.

ಕೂತ ಕೂಡಲೇ ಒಬ್ಬರನ್ನೊಬ್ಬರು ಕೇಳುವ ಮಾತು ಒಂದೇ. "ಎಲ್ಲಿಗೆ ಬಂತು ಕತೆ?" ಬಸ್ಸಿನಲ್ಲಿ ಬರುತ್ತಿರುವವನಿಗೆ ಫೋನ್ ಮಾಡಿ "ಎಲ್ಲಿಗೆ ಬಂದಿ?" ಅಂತ ಕೇಳ್ತೀವಲ್ಲ, ಹಾಗೆ. ಮರಿಯಮ್ಮನಹಳ್ಳಿ ದಾಟಿದೆ ಅಂದರೆ ಮನೆಯಲ್ಲಿ ಅನ್ನಕ್ಕಿಡುತ್ತಾರೆ. ದಾರಿ ಕಾಯುವವರು ಒಬ್ಬರಿದ್ದಾರೆ ಅಂತ ಬರುವವನಿಗೆ ಗೊತ್ತಾಗುತ್ತದೆ. ಇವತ್ತು ನಾವು ಆಡುವ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ನಿಮ್ಮ ಹಾಸ್ಟೆಲಿನ ಟ್ರಂಕುಗಳನ್ನು ತೆಗೆದು ನೋಡಿ. ಬಟ್ಟೆಯ ಕೆಳಗೆ, ಹಳೆಯ ನೋಟ್ಸಿನ ನಡುವೆ, ಎಷ್ಟೋ ಟ್ರಂಕುಗಳಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ಅದರಲ್ಲಿ ಹನ್ನೊಂದು ಪುಟ ಒಂದು ಕತೆ ಇರುತ್ತದೆ. ಹನ್ನೆರಡನೇ ಪುಟ ಖಾಲಿ. ಬರೆದವನನ್ನು ಕೇಳಿದರೆ ನಾಚಿಕೆಯಿಂದ ನಗುತ್ತಾನೆ. "ಸುಮ್ನೆ ಗೀಚಿದ್ದಣ್ಣ" ಅನ್ನುತ್ತಾನೆ. ಸುಮ್ನೆ ಗೀಚಿದ್ದನ್ನು ಯಾರೂ ಟ್ರಂಕಿನ ತಳದಲ್ಲಿ ಬಚ್ಚಿಡೋದಿಲ್ಲ.

ಈ ಹನ್ನೆರಡನೇ ಪುಟ ಯಾಕೆ ಖಾಲಿ ಉಳಿಯಿತು? ಪ್ರತಿಭೆ ಸಾಲದೆ ಅಂತ ದೊಡ್ಡವರು ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ಹನ್ನೊಂದು ಪುಟ ಬರೆಯುವ ತನಕ ಇದ್ದ ಪ್ರತಿಭೆ ಹನ್ನೆರಡಕ್ಕೆ ಎಲ್ಲಿಗೆ ಓಡಿಹೋಯಿತು? ನಮಗೆ ಗೊತ್ತಿರುವ ಕಾರಣಗಳು ಬೇರೆ. ಒಬ್ಬ ತನ್ನ ಕತೆಯನ್ನು ಪಾಠ ಹೇಳುವವರಿಗೆ ಕೊಟ್ಟ. ಅವರು ಕೆಂಪು ಪೆನ್ನಿನಲ್ಲಿ "ಐತೆ" ಇದ್ದ ಕಡೆಯೆಲ್ಲ "ಇದೆ" ಮಾಡಿ, "ಯವ್ವಾ" ಇದ್ದ ಕಡೆ "ಅಮ್ಮಾ" ಮಾಡಿ ವಾಪಸು ಕೊಟ್ಟರು. ಕತೆ ಹೇಗಿದೆ ಅಂತ ಒಂದು ಮಾತಿಲ್ಲ. ಆಮೇಲೆ ಆ ಹುಡುಗನಿಗೆ ತನ್ನ ಅವ್ವನೇ ತಪ್ಪಾಗಿ ಮಾತಾಡುತ್ತಾಳೆ ಅನ್ನಿಸಿ ಪೆನ್ನು ಮುಚ್ಚಿಟ್ಟ. ಇನ್ನೊಬ್ಬ ಕಥಾಸ್ಪರ್ಧೆಗೆ ಕಳಿಸಿ ಆರು ತಿಂಗಳು ಕಾದ, ಉತ್ತರ ಬರಲಿಲ್ಲ. ಮತ್ತೊಬ್ಬಳು ರೂಮಿನವರಿಗೆ ಗೊತ್ತಾದರೆ ತನ್ನ ಜಾತಿ, ತನ್ನ ಮನೆ, ತನ್ನ ಕೇರಿ ಎಲ್ಲ ಬಯಲಾಗುತ್ತದೆ ಅಂತ ಹೆದರಿದಳು. ಈ ಮೂರು ಕತೆಗಳನ್ನೂ ಯಾರೂ "ಆಮೇಲೆ?" ಅಂತ ಕೇಳಲಿಲ್ಲ.

ನಮ್ಮ ಸೀಮೆಯಲ್ಲೇ ಇದಕ್ಕೊಂದು ದೊಡ್ಡ ಪಾಠ ಇದೆ. ಸಂಡೂರು ತಾಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರ ಹೆಸರು ನೀವು ಕೇಳಿದ್ದೀರಿ. ಅಲೆಮಾರಿ ಬುಡ್ಗಜಂಗಮ ಜನದವರು. ಅಕ್ಷರ ಕಲಿತವರಲ್ಲ. ಹನ್ನೆರಡು ಮಹಾಕಾವ್ಯ ಬಾಯಲ್ಲಿ ಇಟ್ಟುಕೊಂಡಿದ್ದರು. ಇಲ್ಲೇ ಪಕ್ಕದ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಹುಟ್ಟಿದ್ದು. ಅಲ್ಲಿನವರು ಆಕೆಯ ಬಾಯಿಂದ ಕಾವ್ಯ ಬರೆದುಕೊಂಡು ಪುಸ್ತಕ ಮಾಡಿದರು, ನಾಡೋಜ ಗೌರವ ಕೊಟ್ಟರು. 2014ರಲ್ಲಿ ಆ ತಾಯಿ ತೀರಿಕೊಂಡರು. ಎಲ್ಲರೂ ಆಕೆಯ ನೆನಪಿನ ಶಕ್ತಿಯನ್ನು ಹೊಗಳುತ್ತಾರೆ. ಹೊಗಳಲಿ. ಆದರೆ ಬುರ್ರಕಥೆ ನಡೆಯುವ ರೀತಿ ನೋಡ್ರಿ. ಒಬ್ಬರೇ ನಿಂತು ಹೇಳುವ ಕತೆಯಲ್ಲ ಅದು. ಮುಂದಿನವರು ತಂಬೂರಿ ಹಿಡಿದು ಕತೆ ಹೇಳುತ್ತಾರೆ. ಅಕ್ಕಪಕ್ಕದವರು ಗುಮ್ಮಟೆ ಬಾರಿಸುತ್ತಾ ಸೊಲ್ಲು ಹಿಡಿಯುತ್ತಾರೆ, ಹೂಂಗುಡುತ್ತಾರೆ, ನಡುವೆ ತಡೆದು ಪ್ರಶ್ನೆ ಹಾಕುತ್ತಾರೆ. ಆ ಪ್ರಶ್ನೆಯೇ ಕತೆಯನ್ನು ಮುಂದಿನ ಊರಿಗೆ ದಾಟಿಸುತ್ತದೆ. ರಾತ್ರಿಯೆಲ್ಲ ನಡೆಯುವ ಕತೆ ಹಾಗೆ ನಡೆಯುತ್ತದೆ. ಹೂಂಗುಟ್ಟುವವರು ತೂಕಡಿಸಿದರೆ ಕತೆ ಹೇಳುವವರ ದನಿಯೂ ಇಳಿಯುತ್ತದೆ. ನಿಮ್ಮಜ್ಜಿ ನಿಮಗೆ ಕತೆ ಹೇಳುವಾಗ "ಹೂಂ ಅನ್ನು, ಇಲ್ದಿದ್ರೆ ನಾ ಹೇಳಲ್ಲ" ಅನ್ನುತ್ತಿದ್ದಳಲ್ಲ? ಅಜ್ಜಿಗೆ ಗೊತ್ತಿದ್ದದ್ದು ಅದೇ.

ಬಾಯಿಂದ ಹೇಳುವ ಕತೆಗೆ ಹೂಂಗುಟ್ಟುವವರು ಇದ್ದರು. ಪೆನ್ನು ಹಿಡಿದ ಮೇಲೆ ನಾವು ಒಬ್ಬೊಬ್ಬರೇ ಆದೆವು. ಕತೆಗಾರ ಅಂದರೆ ಒಂಟಿಯಾಗಿ ಕೂತು ಸಿಗರೇಟು ಸೇದುತ್ತಾ ಬರೆಯುವವನು ಅಂತ ಯಾರೋ ಹೇಳಿಕೊಟ್ಟರು. ಇದು ಸುಳ್ಳು. ಹಾಗೆ ಹೇಳಿಕೊಟ್ಟವರೇ ಒಂಟಿಯಾಗಿರಲಿಲ್ಲ. ನವ್ಯದ ದೊಡ್ಡವರಿಗೆ ಮೈಸೂರಿನ ಕಾಫಿ ಹೌಸ್ ಇತ್ತು, ಅಡಿಗರ 'ಸಾಕ್ಷಿ' ಪತ್ರಿಕೆ ಇತ್ತು. ಅನಂತಮೂರ್ತಿಯವರು 'ಸಂಸ್ಕಾರ' ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಅಲ್ಲಿ ಅವರ ಗುರು, ಸ್ವತಃ ಕಾದಂಬರಿಕಾರನಾದ ಮಾಲ್ಕಂ ಬ್ರಾಡ್‌ಬರಿ. ಇಬ್ಬರೂ ಕೂಡಿ ಬರ್ಗ್‌ಮನ್ನನ ಒಂದು ಸಿನಿಮಾ ನೋಡಿ ಮಾತಾಡಿದ ಮೇಲೆ ಆ ಕಾದಂಬರಿಗೆ ಕೈ ಹಚ್ಚಿದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಅದು ಒಳ್ಳೆಯದೇ. ನಾವು ಕೇಳುವುದು ಇಷ್ಟೇ: ಅವರ ಕತೆಗೆ ಕಾಫಿ ಹೌಸ್, ನಮ್ಮ ಕತೆಗೆ ಟ್ರಂಕು, ಇದು ಯಾವ ನ್ಯಾಯ?

ನಮ್ಮವರು ಇದನ್ನು ಅರಿತು ಮಾಡಿದ್ದೂ ಉಂಟು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ರಾಜ್ಯವೇ ಹೊತ್ತಿಕೊಂಡಿತು. ಅವರು ಮಂತ್ರಿಗಿರಿ ಬಿಡಬೇಕಾಯಿತು. ಏಟು ತಿಂದವರು ನಿಮ್ಮಂಥ ವಿದ್ಯಾರ್ಥಿಗಳು. ಅದೇ ವರ್ಷ ದೇವನೂರ ಮಹಾದೇವ ಅವರ 'ದ್ಯಾವನೂರು' ಕಥಾಸಂಕಲನ ಬಂತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಆ ಹಾಡುಗಳನ್ನು ಜನ ಕಣ್ಣಿನಿಂದ ಓದಿದ್ದಕ್ಕಿಂತ ಸಭೆಯಲ್ಲಿ, ಮೆರವಣಿಗೆಯಲ್ಲಿ ಕಿವಿಯಿಂದ ಕೇಳಿದ್ದೇ ಹೆಚ್ಚು. ಮೈಸೂರಿನ ಗೆಳೆಯರು ಸೇರಿ 'ಪಂಚಮ' ಪತ್ರಿಕೆ ನಡೆಸಿದರು. 1976ರಲ್ಲಿ ಭದ್ರಾವತಿಯಲ್ಲಿ ದಲಿತ ಬರಹಗಾರರು, ಕಲಾವಿದರು ಕೂಡಿದರು. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡ್ರಿ ಅಂದರೆ ಆಗೋದಿಲ್ಲ ಅಂದರು. ಅದಕ್ಕೆ ಎದುರಾಗಿ 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಎದ್ದು ನಿಂತಿತು.

ಮರಾಠಿಯವರದ್ದು ಇನ್ನೂ ಹತ್ತಿರದ ಉದಾಹರಣೆ. ಬಾಬಾಸಾಹೇಬರು ಔರಂಗಾಬಾದಿನಲ್ಲಿ ಕಟ್ಟಿದ ಮಿಲಿಂದ ಕಾಲೇಜು ಹಳ್ಳಿಯಿಂದ ಬಂದ ಹುಡುಗರಿಂದ ತುಂಬಿತ್ತು. ಅಲ್ಲಿ ಪಾಠ ಹೇಳಿದ ಗಂಗಾಧರ ಪಾನತಾವಣೆಯವರು 'ಅಸ್ಮಿತಾದರ್ಶ' ಅನ್ನುವ ಪತ್ರಿಕೆ ನಡೆಸಿದರು. ಪತ್ರಿಕೆ ಅಚ್ಚು ಹಾಕಿ ಸುಮ್ಮನಾಗಲಿಲ್ಲ. ಲೇಖಕ-ವಾಚಕ ಮೇಳ ಅಂತ ಕೂಡಿಸಿದರು. ಲೇಖಕರ ಸಮ್ಮೇಳನ ಅಲ್ಲ, ಗಮನಿಸಿ. ಬರೆಯುವವರು, ಓದುವವರು ಒಂದೇ ಚಾಪೆಯ ಮೇಲೆ. ಆ ಹೆಸರಿನಲ್ಲೇ ಒಂದು ವಿಚಾರ ಇದೆ.

ಆದರೆ ಒಂದು ಮಾತು. ಸಮ್ಮೇಳನ, ಗೋಷ್ಠಿ, ಬಿಡುಗಡೆ ಸಮಾರಂಭ, ಇವೆಲ್ಲ ಮುಗಿದ ಕತೆಗಳ ಜಾಗ. ಇವತ್ತು ಹೊಸಪೇಟೆಯಲ್ಲೂ ಬಳ್ಳಾರಿಯಲ್ಲೂ ಅಂಥ ಕಾರ್ಯಕ್ರಮಗಳಿಗೆ ಬರಗಾಲವಿಲ್ಲ. ಶಾಲು ಇದೆ, ಹಾರ ಇದೆ. ಅರ್ಧ ಬರೆದ ಕತೆಗೆ ಮಾತ್ರ ಯಾವ ವೇದಿಕೆಯೂ ಇಲ್ಲ. ಕತೆಗೆ ಜನ ಬೇಕಾಗುವುದು ಮುಗಿದ ಮೇಲಲ್ಲ, ನಡುದಾರಿಯಲ್ಲಿ ನಿಂತಾಗ.

ನಾವು ಕೂತಾಗ ಏನಾಗುತ್ತದೆ ಅಂತ ಎರಡು ಉದಾಹರಣೆ ಹೇಳುತ್ತೇವೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ.

ಮೊದಲನೆಯದು ಲಾರಿಯವನ ಕತೆ. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಗ ನಿಮ್ಮಲ್ಲಿ ಕೆಲವರು ಅಂಗನವಾಡಿಗೂ ಹೋಗುತ್ತಿರಲಿಲ್ಲ. ರಾತ್ರಿ ಹಗಲು ಕೆಂಪು ಧೂಳೆಬ್ಬಿಸುತ್ತಿದ್ದ ಲಾರಿಗಳು ರಸ್ತೆ ಬದಿ ಸಾಲಾಗಿ ನಿಂತವು. ಗಣಿ ಲೂಟಿ ಮಾಡಿದವರ ಸುದ್ದಿ ಪೇಪರಿನಲ್ಲಿ ಬಂತು. ಕ್ಲೀನರ್ ಹುಡುಗರ ಸುದ್ದಿ ಎಲ್ಲೂ ಬರಲಿಲ್ಲ. ನಮ್ಮ ಗೆಳೆಯ ಅದನ್ನು ಬರೆಯಲು ಕೂತ. ಮೊದಲ ಸಲ ಓದಿದಾಗ ಅದರಲ್ಲಿ "ಶೋಷಣೆ" ಅನ್ನುವ ಪದ ಹದಿನಾಲ್ಕು ಸಲ ಇತ್ತು. ಕಂಪ್ಲಿಯ ತಮ್ಮ ಎಣಿಸಿದ್ದ. ಕೊನೆಯ ಪುಟದಲ್ಲಿ ಕ್ಲೀನರು ಲಾರಿಯ ಮೇಲೆ ಹತ್ತಿ ನೀಲಿ ಬಾವುಟ ಹಾರಿಸಿ ಒಂದು ಭಾಷಣ ಮಾಡುತ್ತಿದ್ದ.

ಚಪ್ಪಾಳೆ ಹೊಡೆಯಬಹುದಿತ್ತು. ನಮ್ಮವನೇ, ನಮ್ಮ ಬಾವುಟವೇ. ಆದರೆ ಅಂಗನವಾಡಿ ಅಕ್ಕ ಒಂದೇ ಒಂದು ಪ್ರಶ್ನೆ ಕೇಳಿದರು. "ಅಲ್ಲಪ್ಪಾ, ಆ ಹುಡುಗ ರಾತ್ರಿ ಎಲ್ಲಿ ಮಲಗ್ತಾನೆ?"

ಅವನು ನೋಟ್‌ಬುಕ್ ಮುಚ್ಚಿ ಅರ್ಧ ಗಂಟೆ ಬಾಯಲ್ಲೇ ಹೇಳಿದ. ಲೋಡಿನ ಮೇಲೆ ತಾಡಪತ್ರಿ ಹಾಸಿ ಮಲಗುವುದು. ಬೆಳಿಗ್ಗೆ ಎದ್ದರೆ ಕಿವಿಯೊಳಗೆ ಅದಿರಿನ ಪುಡಿ. ಡ್ರೈವರು ಒಳಗೆ ಕೂತು ಉಂಡರೆ ಕ್ಲೀನರು ಡಾಬಾದ ಹಿಂದೆ, ಅದರಲ್ಲೂ ಅವನ ಜಾತಿ ಗೊತ್ತಿರುವ ಡಾಬಾ ಆದರೆ ತಟ್ಟೆ ಬೇರೆ. ಲಾರಿ ನಿಂತ ಮೇಲೆ ಮಾಲೀಕ ಬ್ಯಾಟರಿ ಬಿಚ್ಚಿಕೊಂಡು ಹೋದ, ಹುಡುಗನನ್ನು ಲಾರಿ ಕಾಯಲು ಬಿಟ್ಟುಹೋದ. ಓಡದ ಲಾರಿಯನ್ನು ಹುಡುಗ ಎರಡು ತಿಂಗಳು ದಿನಾ ಒರೆಸುತ್ತಿದ್ದ, ಸಂಬಳ ಬರುತ್ತದೆ ಅಂತ. "ಇದನ್ನ ಯಾಕೆ ಬರೀಲಿಲ್ಲ?" ಅಂದೆವು. "ಇದೂ ಕತೆಯಾ? ಇದು ಎಲ್ಲರಿಗೂ ಗೊತ್ತಿರೋದಲ್ವಾ?" ಅಂದ. ಎಲ್ಲರಿಗೂ ಗೊತ್ತಿಲ್ಲ, ಗೆಳೆಯರೆ. ನಮಗೆ ಗೊತ್ತಿರುವುದೇ ಜಗತ್ತಿಗೆಲ್ಲ ಗೊತ್ತಿದೆ ಅಂದುಕೊಂಡು ನಮ್ಮ ಅರ್ಧ ಸಾಹಿತ್ಯವನ್ನು ನಾವೇ ನುಂಗಿಬಿಟ್ಟಿದ್ದೇವೆ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಅಂತ ಕೆಲವು ನೆನಪುಗಳನ್ನು ಬರೆದಿಟ್ಟಿದ್ದರು. ಅವರು ಬದುಕಿದ್ದಾಗ ಅಚ್ಚಾಗಲಿಲ್ಲ, 1990ರಲ್ಲಿ ಪುಸ್ತಿಕೆಯಾಗಿ ಬಂತು. ಅವರ ಬರಹವೂ ಒಂದು ಕಟ್ಟಿನೊಳಗೆ ಅಷ್ಟು ವರ್ಷ ಇತ್ತು ಅನ್ನುವುದು ನಿಮ್ಮ ಟ್ರಂಕಿನ ನೋಟ್‌ಬುಕ್ಕಿಗೆ ಒಂದು ಸಮಾಧಾನ. ಅದರಲ್ಲಿ ಚಿಕ್ಕ ಹುಡುಗ ಭೀಮರಾಯ ಅಣ್ಣನ ಜೊತೆ ಅಪ್ಪನನ್ನು ನೋಡಲು ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿಯುವ ಪ್ರಸಂಗ ಓದಿ. ಜಾತಿ ಗೊತ್ತಾದ ಮೇಲೆ ಗಾಡಿಯವರು ಯಾರೂ ಒಪ್ಪುವುದಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಮಕ್ಕಳೇ ಗಾಡಿ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ ಅಂತ ಒಪ್ಪಂದ. ಬುತ್ತಿ ತುಂಬಾ ಊಟ ಇದೆ, ಕುಡಿಯಲು ನೀರಿಲ್ಲ. ಕೂಗಾಟ ಇಲ್ಲ. ಬಾಡಿಗೆ ಎಷ್ಟು, ಹಗ್ಗ ಯಾರ ಕೈಯಲ್ಲಿ, ನೀರು ಎಲ್ಲಿ, ಅಷ್ಟೇ. ಓದಿದವನಿಗೆ ಗಂಟಲು ಒಣಗುತ್ತದೆ.

ಲಾರಿಯವನ ಕತೆಯಲ್ಲಿ ಈಗ ಬಾವುಟ ಇಲ್ಲ. ಬಾವುಟ ಬೇಡ ಅಂತ ನಾವು ಹೇಳಲಿಲ್ಲ, ಅವನೇ ತೆಗೆದ. ಈಗ ಕತೆ ಓಡದ ಲಾರಿಯ ಗಾಜು ಒರೆಸುವಲ್ಲಿಗೆ ಬಂದಿದೆ. ಮುಂದೆ ದಾರಿ ಕಾಣದೆ ಎರಡು ತಿಂಗಳಿಂದ ನಿಂತಿದ್ದಾನೆ. ನಿಂತಿದ್ದಾನೆ ಅಂತ ನಮಗೆ ಗೊತ್ತಿದೆ, ನಮಗೆ ಗೊತ್ತಿದೆ ಅಂತ ಅವನಿಗೂ ಗೊತ್ತಿದೆ. ಘಾಟಿಯಲ್ಲಿ ಲಾರಿ ಸಾಲಿಗೆ ಸಿಕ್ಕಿಬಿದ್ದಾಗ ಫೋನಿನಲ್ಲಿ ಎರಡು ಸಾಲು ಮಾತಾಡಿ ಕಳಿಸುತ್ತಾನೆ. ಹಿಂದೆ ಹಾರ್ನ್ ಸದ್ದು ಇರುತ್ತದೆ.

ಎರಡನೆಯದು ಹುಡುಗಿಯ ಕತೆ. ಇದು ಸ್ವಲ್ಪ ಕಷ್ಟದ್ದು.

ನಮ್ಮ ಈ ಸೀಮೆಯಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರು ಯಾವ ಕೇರಿಯಲ್ಲಿ ಇಲ್ಲ? 1982ರಲ್ಲಿ ಕಾಯ್ದೆ ಬಂದು ದೇವದಾಸಿ ಬಿಡುವುದು ಅಪರಾಧ ಅಂತಾಯಿತು. ಕಾಯ್ದೆ ಮುತ್ತು ಕಟ್ಟುವವರ ಕೈ ಹಿಡಿಯಬಹುದು. ಆಗಲೇ ಕಟ್ಟಿಸಿಕೊಂಡವರ ಬದುಕನ್ನು ವಾಪಸು ಕೊಡಲಾರದು. ನಮ್ಮ ಹುಡುಗಿ ತನ್ನ ಅಜ್ಜಿಯ ಕತೆ ಬರೆಯುತ್ತಿದ್ದಾಳೆ. ಶುರುವಾಗುವುದು ಶಾಲೆಯ ಅರ್ಜಿಯಿಂದ. ತಂದೆಯ ಹೆಸರು ಅನ್ನುವ ಕಾಲಂ. ಅಜ್ಜಿ ಮಗಳ ಕೈಹಿಡಿದು ಶಾಲೆಗೆ ಹೋಗಿ ಆ ಕಾಲಮ್ಮಿನ ಮುಂದೆ ನಿಂತಿದ್ದಾಳೆ. ಹನ್ನೆರಡು ಪುಟ ಓದಿದಳು. ಓದಿ ಮುಗಿಸಿದಾಗ ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ.

ಆಮೇಲೆ ಜಗಳ ಶುರುವಾಯಿತು. ಹೌದು, ಜಗಳವೇ. ಕಂಪ್ಲಿಯ ಅಣ್ಣ ಅಂದ, "ಇದನ್ನ ಅಚ್ಚು ಹಾಕಿದ್ರೆ ಮೇಲಿನ ಕೇರಿಯವರು ಓದಿ ನಗ್ತಾರೆ. ನಮ್ಮ ಹೆಣ್ಣುಮಕ್ಕಳ ಮಾನ ನಾವೇ ಬೀದಿಗೆ ಹಾಕೋದಾ?" ಅಂಗನವಾಡಿ ಅಕ್ಕ ಸಿಟ್ಟಾದರು. "ಮಾನ ಕಳೆದವರು ಯಾರಪ್ಪಾ? ಮುತ್ತು ಕಟ್ಟಿಸಿಕೊಂಡವಳಾ, ರಾತ್ರಿ ಬಂದು ಹೋದವನಾ? ಬರೆಯೋದಿಲ್ಲ ಅಂದರೆ ಅವನ ಮಾನ ಕಾಪಾಡಿದಂಗಾಯ್ತು." ಮೇಷ್ಟ್ರು, ಹೆಸರು ಬದಲಾಯಿಸಿ ಊರು ಬದಲಾಯಿಸಿ ಬರೆಯಲಿ ಅಂದರು. ಲಾರಿಯವನು, ಬೇರೆ ಊರು ಅಂತ ಬರೆದರೆ ಚಿತ್ತವಾಡ್ಗಿಯ ಕಾಲುವೆ, ಕಬ್ಬಿನ ಗದ್ದೆ, ಆ ಸಕ್ಕರೆ ಕಾರ್ಖಾನೆಯ ಸೈರನ್ನು ಎಲ್ಲ ಹೋಗಿಬಿಡುತ್ತೆ, ಕತೆಯಲ್ಲಿ ಉಳಿಯೋದೇನು ಅಂದ. ಕಾರ್ಖಾನೆ ಈಗ ನಿಂತುಹೋಗಿದೆ, ಆದರೆ ಈ ಕತೆಯಲ್ಲಿ ಅಜ್ಜಿ ಹೊತ್ತು ಅಳೆಯುವುದೇ ಆ ಸೈರನ್ನಿನಿಂದ.

ಈ ಪ್ರಶ್ನೆ ಸುಲಭದ್ದಲ್ಲ. ಮರಾಠಿಯಲ್ಲಿ ದಯಾ ಪವಾರರ 'ಬಲುತ' 1978ರಲ್ಲಿ ಬಂದಾಗ ಸ್ವಂತ ಜನರೇ ಕೆಲವರು, ಮನೆಯ ಕೊಳೆಯನ್ನು ಹೊರಗೆ ಹಾಕಿದ ಅಂತ ಬೇಜಾರಾದರು. ನಮ್ಮಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂತು. ತನ್ನ ಮೈಮೇಲಿನ ಗಾಯವನ್ನು ತೋರಿಸುವುದು ಬರೆಯುವವನ ಹಕ್ಕು. ಆದರೆ ಅಜ್ಜಿಯ ಗಾಯ? ಅದು ಮೊಮ್ಮಗಳದ್ದೂ ಹೌದು, ಪೂರ್ತಿ ಅವಳದ್ದಲ್ಲ.

ನಾವು ಒಂದು ತೀರ್ಮಾನಕ್ಕೆ ಬಂದೆವು. ಕತೆ ಹೇಗಿರಬೇಕು ಅನ್ನುವ ತೀರ್ಮಾನ ಅಲ್ಲ, ಅದು ಅವಳದ್ದು. ಮೊದಲು ಅಜ್ಜಿಗೆ ಓದಿ ಹೇಳು ಅಂದೆವು. ಅವಳು ಒಂದು ತಿಂಗಳು ತಡ ಮಾಡಿದಳು. ಆಮೇಲೆ ಊರಿಗೆ ಹೋದಾಗ ಓದಿದಳಂತೆ. ಅಜ್ಜಿ ಪೂರ್ತಿ ಕೇಳಿ, ಎಲೆ ಅಡಿಕೆ ಹಾಕಿಕೊಂಡು, "ಆ ದಿನ ನಾನು ಹಸಿರು ಸೀರೆ ಉಟ್ಟಿರಲಿಲ್ಲ. ಹಸಿರು ಸೀರೆ ನನಗೆ ಯಾರು ಕೊಡಿಸ್ತಾರ? ಕಡ ತಂದ ಸೀರೆ ಅದು, ಸಾಯಂಕಾಲ ವಾಪಸು ಕೊಡಬೇಕಿತ್ತು" ಅಂದಳಂತೆ. ಅಷ್ಟೇ. ಬರಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ನಾಲ್ಕು ದಿನ ಬಿಟ್ಟು ಅಜ್ಜಿಯೇ ಕೇಳಿದಳಂತೆ, "ಆಮೇಲೆ ಏನು ಬರ್ದಿ?"

ಆ ಕಡದ ಸೀರೆ ಈಗ ಕತೆಯ ನಡುಮಧ್ಯ ಇದೆ. ಸಾಯಂಕಾಲದ ಒಳಗೆ ವಾಪಸು ಕೊಡಬೇಕಾದ ಸೀರೆ ಉಟ್ಟು ತಂದೆಯ ಹೆಸರಿನ ಕಾಲಮ್ಮಿನ ಮುಂದೆ ನಿಂತ ಹೆಂಗಸು. ನಮ್ಮ ಆರೂ ಜನರ ತಲೆಗೆ ಇದು ಹೊಳೆಯುತ್ತಿರಲಿಲ್ಲ. ಅಚ್ಚಿಗೆ ಕೊಡುವುದೋ ಬೇಡವೋ ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಕಂಪ್ಲಿಯ ಅಣ್ಣ ಈಗಲೂ ಒಪ್ಪಿಲ್ಲ. ಒಪ್ಪದೆಯೇ ಪ್ರತಿ ತಿಂಗಳು ಬಂದು ಕೂತು ಕೇಳುತ್ತಾನೆ. ಅಂಥವನು ಒಬ್ಬ ಬೇಕು.

ಅವನ ತಮ್ಮನ ಬಗ್ಗೆ ಎರಡು ಮಾತು ಹೇಳದಿದ್ದರೆ ಬೇಜಾರು ಮಾಡಿಕೊಳ್ಳುತ್ತಾನೆ. ಆಲೆಮನೆಯ ಮೇಲೆ ಕಾದಂಬರಿ, ಹದಿನೇಳು ಅಧ್ಯಾಯ ಆಗಿದೆ, ಕಬ್ಬು ಇನ್ನೂ ಗಾಣಕ್ಕೆ ಬಂದಿಲ್ಲ. ನಾವು ಹೇಳಿದ್ದು: ಬೆಲ್ಲ ಆಗೋದು ಕುದಿಸಿದ ಮೇಲೆ ತಮ್ಮಾ, ಬರೀ ರಸ ಹಿಂಡಿದರೆ ಆಗೋದಿಲ್ಲ. ಅವನು ನಕ್ಕ, ಮನೆಗೆ ಹೋಗಿ ಹದಿನೆಂಟನೇ ಅಧ್ಯಾಯ ಶುರುಮಾಡಿದ.

ಈಗ ನಿಮ್ಮ ಫೋನಿನ ಬಗ್ಗೆ. ಕತೆಯ ಒಂದು ಪುಟದ ಫೋಟೋ ಹಾಕಿದರೆ ಐದು ನಿಮಿಷದಲ್ಲಿ ನಲವತ್ತು ಹೆಬ್ಬೆರಳು ಬರುತ್ತವೆ. "ಸೂಪರ್ ಅಣ್ಣಾ", "ಬೆಂಕಿ", "ಜೈ ಭೀಮ್". ಖುಷಿಯಾಗುತ್ತದೆ, ಸುಳ್ಳಲ್ಲ. ಆದರೆ ಆ ನಲವತ್ತರಲ್ಲಿ ಪುಟವನ್ನು ಓದಿದವರು ಎಷ್ಟು? ನಮ್ಮವನು ಬರೆದಿದ್ದಾನೆ ಅನ್ನುವ ಕಾರಣಕ್ಕೇ ಹೊಗಳುವುದು ಪ್ರೀತಿಯ ಹಾಗೆ ಕಾಣುತ್ತದೆ, ಒಳಗೆ ಅದು ಅನುಮಾನ. ಇವನಿಂದ ಇಷ್ಟೇ ಆಗೋದು, ಇಷ್ಟಕ್ಕೇ ಬೆನ್ನು ತಟ್ಟೋಣ ಅನ್ನುವ ಅನುಮಾನ. ಮೇಲಿನವರು ನಮ್ಮ ಬಗ್ಗೆ ಪಟ್ಟ ಅನುಮಾನವನ್ನೇ ನಾವು ನಮ್ಮವರ ಮೇಲೆ ಯಾಕೆ ಪಡಬೇಕು?

ಇದಕ್ಕೆ ಉಲ್ಟಾ ಇನ್ನೊಂದು ರೋಗ ಇದೆ. ಸ್ವಲ್ಪ ಓದಿಕೊಂಡವರಿಗೆ ಬರುವುದು. ಹುಡುಗ ನಡುಗುತ್ತಾ ಮೂರು ಪುಟ ಓದಿದರೆ, ಇದರಲ್ಲಿ ತಂತ್ರ ಇಲ್ಲ, ಆಯಾಮ ಇಲ್ಲ, ನೀನು ಇನ್ನೂ ಇಂಥಿಂಥವರನ್ನು ಓದಬೇಕು ಅಂತ ಪಟ್ಟಿ ಕೊಡುವುದು. ಕೆಂಪು ಪೆನ್ನು ಕೈ ಬದಲಾಯಿಸಿತು ಅಷ್ಟೇ. ಹಾಗಾಗಿ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಓದಿದ ಮೇಲೆ ಮೊದಲು ಎಲ್ಲರೂ ತಮಗೆ ಕಣ್ಣಿಗೆ ಕಟ್ಟಿದ್ದು ಏನು ಅಂತ ಹೇಳಬೇಕು, ಚೆನ್ನಾಗಿದೆ ಅನ್ನಬಾರದು. ಆಮೇಲೆ ತಿಳಿಯದ್ದನ್ನು ಕೇಳಬೇಕು. ಹೀಗೆ ಬರಿ, ಹಾಗೆ ಬರಿ ಅನ್ನಬಾರದು. ಬರೆದವನು ತನ್ನ ಕತೆಗೆ ವಕೀಲಿ ಮಾಡಬಾರದು. ಇದು ಪಾಲಿಸುವುದು ಬಹಳ ಕಷ್ಟ, ಮೇಷ್ಟ್ರೇ ತಿಂಗಳಿಗೊಮ್ಮೆ ಮುರಿಯುತ್ತಾರೆ.

ಭಾಷೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದೇವನೂರರು 'ಕುಸುಮಬಾಲೆ'ಯನ್ನು ನಂಜನಗೂಡು ಸೀಮೆಯ ಕೇರಿಯ ಮಾತಿನಲ್ಲೇ ಬರೆದರು. ಅರ್ಥವಾಗೋದಿಲ್ಲ ಅಂತ ಗೊಣಗಿದವರು ಗೊಣಗಿದರು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗೀತಾ ನಾಗಭೂಷಣ ಅವರ ಕಲಬುರಗಿ ಸೀಮೆಯ 'ಬದುಕು' ಕಾದಂಬರಿಗೂ 2004ರಲ್ಲಿ ಅದೇ ಪ್ರಶಸ್ತಿ. ಇಲ್ಲೇ ಹಂಪಿಯ ವಿಶ್ವವಿದ್ಯಾಲಯದಲ್ಲಿ ಜಾನಪದ ಪಾಠ ಹೇಳಿದ ಮೊಗಳ್ಳಿ ಗಣೇಶ್ ಅವರ 'ಬುಗುರಿ' ಓದಿ. ನಮ್ಮ ಹೊಸಪೇಟೆಯ "ಐತೆ" ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಪ್ರಶಸ್ತಿಗೋಸ್ಕರ ಬರೀರಿ ಅಂತ ಇದನ್ನು ಹೇಳಲಿಲ್ಲ. ಕೆಂಪು ಪೆನ್ನಿನವರಿಗೆ ಪ್ರಶಸ್ತಿಯ ಭಾಷೆ ಬೇಗ ತಿಳಿಯುತ್ತದೆ, ಅದಕ್ಕೆ.

ಇನ್ನು ಹೊತ್ತು. ಪರೀಕ್ಷ ಬಿಟ್ಟು ಕತೆ ಬರೀರಿ ಅಂತ ನಾವು ಹೇಳೋದಿಲ್ಲ. ನಿಮ್ಮವ್ವ ಕಂಡವರ ಗದ್ದೆಯಲ್ಲಿ ಬಗ್ಗಿ ನಿಮ್ಮನ್ನು ಇಲ್ಲಿಗೆ ಕಳಿಸಿದ್ದು ಡಿಗ್ರಿಗೋಸ್ಕರ. ಅದನ್ನು ತಗೊಳ್ಳಿ. ಆದರೆ ವಾರಕ್ಕೆ ಎರಡು ಪುಟಕ್ಕೆ ಯಾವ ಪರೀಕ್ಷೆಯೂ ಅಡ್ಡ ಬರೋದಿಲ್ಲ. ನಿಧಾನ ಆಯ್ತು ಅಂತ ಕೊರಗಬೇಡಿ. 'ದ್ಯಾವನೂರು', 'ಒಡಲಾಳ', 'ಕುಸುಮಬಾಲೆ' ಮೂರನ್ನೂ ಸೇರಿಸಿದರೆ ಒಂದು ಕೈಯಲ್ಲಿ ಹಿಡಿಯುವಷ್ಟು. ಅಷ್ಟಕ್ಕೆ ಒಂದು ಬದುಕಿನ ಎಷ್ಟು ವರ್ಷ ಹೋಗಿರಬೇಕು ಲೆಕ್ಕ ಹಾಕಿ.

ಊಟದ ಬೆಲ್ ಆಗುತ್ತೆ ಅಂತ ವಾರ್ಡನ್ ಸಾಹೇಬರು ಎರಡು ಸಲ ಗಡಿಯಾರ ನೋಡಿದರು. ಕೊನೆಗೆ ಒಂದು ಕೆಲಸದ ಮಾತು. ನಮ್ಮ ಪಡಸಾಲೆಗೆ ನಲವತ್ತು ಜನ ಹಿಡಿಯೋದಿಲ್ಲ. ಎಲ್ಲರೂ ಅಲ್ಲಿಗೆ ಬರೋದೂ ಬೇಡ. ಪ್ರತಿ ಹಾಸ್ಟೆಲಿನಲ್ಲಿ ಮೂರು ಜನ ಸಾಕು. ಒಬ್ಬ ಓದಲಿ, ಇಬ್ಬರು ಹೂಂಗುಟ್ಟಲಿ. ಹುಡುಗಿಯರ ಹಾಸ್ಟೆಲಿನವರು ನಮ್ಮ ಹುಡುಗಿಯನ್ನು ಕರೆಸಿಕೊಳ್ಳಿ, ಬರುತ್ತಾಳೆ. ಮೂರು ತಿಂಗಳಾದ ಮೇಲೆ ಎಲ್ಲರೂ ಒಂದು ಭಾನುವಾರ ಕಾಲುವೆ ದಂಡೆಯ ಮರದ ಕೆಳಗೆ ಕೂಡೋಣ. ಮುಗಿದ ಕತೆ ತರಬೇಡಿ. ನಿಂತುಹೋದದ್ದು ತನ್ನಿ, ಎಲ್ಲಿ ನಿಂತಿದೆ ಅಂತ ಅಲ್ಲೊಂದು ಗೆರೆ ಎಳೆದುಕೊಂಡು ಬನ್ನಿ. ಮಂಡಕ್ಕಿ ಮೆಣಸಿನಕಾಯಿ ಖರ್ಚು ಮೇಷ್ಟ್ರದ್ದು. ಲಾರಿಯವನಿಗೆ ಅವತ್ತು ಲೋಡು ಸಿಗದಿದ್ದರೆ ಅವನೂ ಇರುತ್ತಾನೆ, ಸಿಕ್ಕಿದರೆ ಫೋನಿನಲ್ಲಿ.